ವಿದೇಶಿ ಯುದ್ಧನೌಕೆ ಬಂದಾಗ ನಮ್ಮ ಬಲೆಗೆ ಯಾರು ಹೊಣೆ?

ಪ್ರಶ್ನೆ: ನಮ್ಮದು ಕಾರವಾರದ ಬೈತಖೋಲ ಬಂದರಿನ ಪರ್ಸಿನ್ ಬೋಟ್, ಮೀನಿನ ಗುಂಪಿನ ಸುತ್ತ ಬಲೆ ಹಾಕಿ ಅಡಿಹಗ್ಗ ಎಳೆದು ಹಿಡಿಯುವಂಥದ್ದು. ಅಣ್ಣ ತಾಂಡೇಲ, ಅಂದರೆ ಬೋಟ್ ನಡೆಸುವವನು, ಲೆಕ್ಕಪತ್ರ ನನ್ನದು. ಫ್ರಾನ್ಸ್ ಜೊತೆ ‘ವರುಣ’, ಬ್ರಿಟನ್ ಜೊತೆ ‘ಕೊಂಕಣ್’ ಅಂತ ಜಂಟಿ ನೌಕಾಭ್ಯಾಸದ ಸುದ್ದಿ ಬಂದಾಗಲೆಲ್ಲ ಬಂದರಿನಲ್ಲಿ ಅದೇ ಮಾತು. ಇಲ್ಲಿನ ಸೀಬರ್ಡ್ ನೌಕಾನೆಲೆಯ ಒಳಗೆ ವಿದೇಶಿಯರಿಗೆ ನೆಲೆ ಕೊಡುತ್ತಾರಂತೆ, ನೀರೊಳಗೆ ಹುಡುಕಲು ಸೋನಾರ್ ಶಬ್ದ ಬಿಟ್ಟರೆ ತಾರ್ಲೆ, ಬಂಗಡೆ ಮೀನು ಓಡಿಹೋಗುತ್ತದಂತೆ, ಅಣುಶಕ್ತಿಯ ಹಡಗು ಬಂದರೆ ನೀರು ಕೆಡುತ್ತದಂತೆ. ಕಳೆದ ಋತುವಿನಲ್ಲಿ ಬಲೆ ಸುತ್ತು ಹಾಕಿದ ಹೊತ್ತಿಗೆ ದೊಡ್ಡ ಹಡಗೊಂದು ಇದ್ದಕ್ಕಿದ್ದಂತೆ ನಮ್ಮ ಕಡೆ ತಿರುಗಿತು. ಹಗ್ಗ ಕಡಿದು ಬಲೆ ಬಿಟ್ಟು ಓಡಬೇಕಾಯಿತು. ಯಾವ ದೇಶದ್ದು ಎಂದು ಕೂಡ ಗೊತ್ತಾಗಲಿಲ್ಲ. ಈಗ ಮೀನುಗಾರರ ಸೊಸೈಟಿಯಲ್ಲಿ ಅಭ್ಯಾಸವೇ ಬೇಡವೆಂದು ಠರಾವು ಮಾಡುವ ಮಾತು ನಡೆದಿದೆ. ಇದರಲ್ಲಿ ಸತ್ಯ ಎಷ್ಟು? ಬಲೆ ಹೋದರೆ ಯಾರನ್ನು ಕೇಳಬೇಕು?

ಉತ್ತರ: ನೀವು ಬರೆದಿರುವುದರಲ್ಲಿ ಎರಡು ಬಗೆಯ ಆತಂಕಗಳಿವೆ. ನೆಲೆ, ಸೋನಾರ್, ವಿಕಿರಣ ಇವು ಬಂದರಿನ ಮಾತಿನಲ್ಲಿ ದೊಡ್ಡದಾಗಿ ಬೆಳೆದವು. ಬಲೆ ನೀರಿನಲ್ಲಿರುವಾಗ ಗುರುತು ಸಿಗದ ಹಡಗು ಮೈಮೇಲೆ ಬರುವುದು, ಆಮೇಲೆ ದೂರು ಎಲ್ಲಿ ಕೊಡಬೇಕೆಂದು ತಿಳಿಯದಿರುವುದು ನಿಜವಾದ ಅಪಾಯ. ಮೊದಲಿನ ಮೂರನ್ನು ಬೇಗ ಮುಗಿಸಿ ಇದಕ್ಕೆ ಬರುತ್ತೇನೆ.

ನೆಲೆಯ ವಿಷಯ. ಭಾರತ ಅಮೆರಿಕದೊಂದಿಗೆ 2016ರಲ್ಲಿ, ಫ್ರಾನ್ಸ್‌ನೊಂದಿಗೆ 2018ರ ಮಾರ್ಚ್‌ನಲ್ಲಿ, ಆಸ್ಟ್ರೇಲಿಯಾ ಮತ್ತು ಜಪಾನ್ ಜೊತೆ 2020ರಲ್ಲಿ ಪರಸ್ಪರ ಸರಬರಾಜು ಒಪ್ಪಂದ ಮಾಡಿಕೊಂಡಿದೆ. ‘ನೆಲೆ ಕೊಟ್ಟರು’ ಎಂಬ ಮಾತು ಹುಟ್ಟುವುದು ಇವುಗಳಿಂದಲೇ. ಒಪ್ಪಂದದಲ್ಲಿರುವುದು ಇಷ್ಟು: ಒಂದು ದೇಶದ ಹಡಗು ಇನ್ನೊಂದು ದೇಶದ ಬಂದರಿಗೆ ಬಂದಾಗ ಎಣ್ಣೆ, ನೀರು, ಆಹಾರ, ಬಿಡಿಭಾಗ, ರಿಪೇರಿ ಒದಗಿಸಬಹುದು, ಲೆಕ್ಕ ಬರೆದಿಟ್ಟು ಹಣ ತೀರಿಸಬೇಕು. ಪ್ರತಿ ಭೇಟಿಗೂ ಪ್ರತ್ಯೇಕ ಅನುಮತಿ ಬೇಕು, ಆತಿಥೇಯ ದೇಶ ಆಗುವುದಿಲ್ಲ ಎನ್ನಲೂಬಹುದು. ಸೈನಿಕರನ್ನು ಇರಿಸುವುದಕ್ಕಾಗಲಿ ಜಾಗ ಬಿಟ್ಟುಕೊಡುವುದಕ್ಕಾಗಲಿ ಇದರಲ್ಲಿ ಅವಕಾಶವಿಲ್ಲ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಸರಬರಾಜು ಹಡಗು ‘ಚಾರ್ಲ್ಸ್ ಡ್ರ್ಯೂ’ ರಿಪೇರಿಗೆಂದು ಬಂದಾಗಲೂ ಹೋಗಿದ್ದು ಚೆನ್ನೈ ಬಳಿಯ ಕಾಟ್ಟುಪಳ್ಳಿಯ ಖಾಸಗಿ ಹಡಗುಕಟ್ಟೆಗೆ. ಈ ದಾರಿ ಎರಡೂ ಕಡೆ ತೆರೆದಿದೆ. ನಮ್ಮ ನೌಕಾಪಡೆಯ ಪಿ-8ಐ ಗಸ್ತು ವಿಮಾನ 2020ರಲ್ಲಿ ಫ್ರಾನ್ಸ್‌ಗೆ ಸೇರಿದ ರಿಯೂನಿಯನ್ ದ್ವೀಪದಿಂದ ಹಾರಿ ಜಂಟಿ ಗಸ್ತು ಮಾಡಿತು. ಅದರಿಂದ ರಿಯೂನಿಯನ್ ಭಾರತದ ನೆಲೆಯಾಗಲಿಲ್ಲ.

ಕಾರವಾರದವರಿಗೆ ಈ ಮಾತು ಬೇಗ ನಾಟುವುದಕ್ಕೆ ಕಾರಣ ಇದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗಾಗಿ ಅರ್ಗಾದಿಂದ ಹಿಡಿದು ಸಾಲು ಊರುಗಳು ಎತ್ತಂಗಡಿಯಾದವು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ ಕಾರ್ಯಾರಂಭ ಮಾಡಿದ ಮೇಲೂ ನಿರಾಶ್ರಿತರ ಪರಿಹಾರದ ಅಲೆದಾಟ ನಿಲ್ಲಲಿಲ್ಲ. ಒಮ್ಮೆ ಕಡಲ ತಡಿ ಕಳೆದುಕೊಂಡವರು ಮತ್ತೆ ಕಳೆದುಕೊಳ್ಳುತ್ತೇವೆಂದು ಹೆದರುವುದು ತಪ್ಪಲ್ಲ. ಆದರೆ ಆ ನೋವು ನಮ್ಮದೇ ಸರ್ಕಾರ, ನಮ್ಮದೇ ನೌಕಾನೆಲೆಗೆ ಸಂಬಂಧಿಸಿದ್ದು. ಅದನ್ನು ವಿದೇಶಿ ಹಡಗಿನ ಲೆಕ್ಕಕ್ಕೆ ಬರೆದರೆ ಕೇಳಬೇಕಾದವರು ತಪ್ಪಿಸಿಕೊಳ್ಳುತ್ತಾರೆ. ಕಾರವಾರಕ್ಕೆ ಹೊರದೇಶದ ನೌಕಾಪಡೆಯವರು ಬಂದಿಲ್ಲವೆಂದಲ್ಲ. 2025ರ ಏಪ್ರಿಲ್ 5ರಂದು ಇಲ್ಲಿಂದ ಹೊರಟ ಐಎನ್‌ಎಸ್ ಸುನಯನಾದಲ್ಲಿ ಶ್ರೀಲಂಕಾ, ಮಾಲ್ಡೀವ್ಸ್, ಕೀನ್ಯಾ ಸೇರಿ ಒಂಬತ್ತು ದೇಶಗಳ 44 ಮಂದಿ ಇದ್ದರು. ಅವರು ನಮ್ಮ ಹಡಗಿನಲ್ಲಿ, ನಮ್ಮ ನಾಯಕತ್ವದಡಿ ಹೋದವರು.

ಇನ್ನೊಂದು ಸಂಗತಿ ಠರಾವು ಬರೆಯುವವರಿಗೆ ಗೊತ್ತಿರಲಿ. ಕರೆಸಿ ಮಾಡುವ ಅಭ್ಯಾಸ ಬೇರೆ, ಕೇಳದೆ ಬರುವುದು ಬೇರೆ. 1976ರ ಕಡಲ ವಲಯ ಕಾಯ್ದೆಯ ಪ್ರಕಾರ ವಿದೇಶಿ ಯುದ್ಧನೌಕೆ ನಮ್ಮ 12 ನಾಟಿಕಲ್ ಮೈಲಿಯೊಳಗೆ ಬರಬೇಕಾದರೆ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಬೇಕು. ಅದರಾಚೆ 200 ಮೈಲಿಯವರೆಗೂ ಒಪ್ಪಿಗೆ ಇಲ್ಲದೆ ಬೇರೆಯವರು ಸೇನಾ ಅಭ್ಯಾಸ ಮಾಡಬಾರದು ಎನ್ನುವುದು ಭಾರತದ ನಿಲುವು. ಅಮೆರಿಕ ಇದನ್ನು ಒಪ್ಪುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಅದರ ಹಡಗೊಂದು ಲಕ್ಷದ್ವೀಪದ ಪಶ್ಚಿಮಕ್ಕೆ 130 ಮೈಲಿಯಲ್ಲಿ ಅನುಮತಿ ಕೇಳದೆ ಸಾಗಿ, ಅದನ್ನು ಬಹಿರಂಗವಾಗಿ ಸಾರಿತು. ಗೆಳೆಯ ದೇಶದ ಜೊತೆಗೂ ಇಂಥ ತಕರಾರು ಇರುತ್ತದೆ. ‘ವರುಣ’, ‘ಕೊಂಕಣ್’ ಆ ಜಾತಿಯವಲ್ಲ. ಅವುಗಳ ಜಾಗ, ದಿನ, ಕಾರ್ಯಕ್ರಮ ಎಲ್ಲವೂ ತಿಂಗಳುಗಳ ಮೊದಲೇ ಎರಡೂ ಕಡೆಯವರು ಕೂತು ನಿರ್ಧರಿಸಿದವು.

ಸೋನಾರ್ ಬಗ್ಗೆ. ಹಡಗಿನ ಅಡಿಯ ಸೋನಾರ್ ಸಾಮಾನ್ಯವಾಗಿ ಕೆಲವು ಸಾವಿರ ಹರ್ಟ್ಜ್‌ನ ಶಬ್ದ ಬಿಡುತ್ತದೆ. ಹೆಚ್ಚಿನ ಮೀನುಗಳ ಕಿವಿ ಒಂದು ಸಾವಿರ ಹರ್ಟ್ಜ್‌ಗಿಂತ ಕೆಳಗಿನ ಶಬ್ದಕ್ಕೆ ಹೊಂದಿಕೊಂಡಿದೆ. ತಾರ್ಲೆಯ ಕುಲ ಇನ್ನೂ ಸ್ವಲ್ಪ ಮೇಲಿನದನ್ನು ಕೇಳಿಸಿಕೊಳ್ಳಬಲ್ಲದು. ಅದೇ ಕುಲದ ಹೆರಿಂಗ್ ಮೀನಿನ ಗುಂಪುಗಳ ಮೇಲೆ ನಾರ್ವೆಯಲ್ಲಿ ನಿಜವಾದ ನೌಕಾ ಸೋನಾರ್ ಬಿಟ್ಟು ನೋಡಿದಾಗ ಅವು ಗಮನಾರ್ಹವಾಗಿ ಚದುರಲಿಲ್ಲ. ತಿಮಿಂಗಿಲಗಳ ಕಥೆ ಬೇರೆ. 2000ದ ಮಾರ್ಚ್‌ನಲ್ಲಿ ಬಹಾಮಾಸ್‌ನಲ್ಲಿ ಅಮೆರಿಕದ ಸೋನಾರ್ ಅಭ್ಯಾಸದ ಬೆನ್ನಿಗೇ ಕೊಕ್ಕಿನ ತಿಮಿಂಗಿಲಗಳು ದಡಕ್ಕೆ ಬಿದ್ದವು. ಸೋನಾರ್ ನಿರುಪದ್ರವಿ ಎಂದು ಯಾರಾದರೂ ಹೇಳಿದರೆ ಅದೂ ಸರಿಯಲ್ಲ. ನೀರೊಳಗಿನ ಸ್ಫೋಟ ಹತ್ತಿರದ ಮೀನನ್ನು ಕೊಲ್ಲುತ್ತದೆ, ಮೈಯೊಳಗಿನ ಗಾಳಿಚೀಲ ಒಡೆಯುತ್ತದೆ. ಆದರೆ ಅದರ ಪರಿಣಾಮ ಸ್ಫೋಟದ ಜಾಗದ ಸುತ್ತ ಮಾತ್ರ. ಮೂರು-ನಾಲ್ಕು ದಿನದ ಅಭ್ಯಾಸಕ್ಕೆ ಇಡೀ ಋತುವಿನ ತಾರ್ಲೆ ಕಾಣೆಯಾಗುವುದಿಲ್ಲ. ತಾರ್ಲೆ ಏರಿಳಿಯುವುದು ಮಳೆಗಾಲದಲ್ಲಿ ತಳದ ತಣ್ಣೀರು ಮೇಲೆ ಬರುವ ಪ್ರಮಾಣ, ಎಲ್ ನಿನೊ, ಮರಿಮೀನು ಹಿಡಿಯುವುದು ಇವುಗಳಿಂದ. 2017ರಲ್ಲೇ ನಿಷೇಧವಾದ ಬೆಳಕಿನ ಮೀನುಗಾರಿಕೆ ನಮ್ಮ ಕರಾವಳಿಯಲ್ಲಿ ನಿಂತಿದೆಯೇ ಎಂಬುದು ಸೊಸೈಟಿಯೊಳಗೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಅಣುಶಕ್ತಿ ಹಡಗೆಂದರೆ ಫ್ರಾನ್ಸ್‌ನ ವಿಮಾನವಾಹಕ ‘ಶಾರ್ಲ್ ದ ಗೋಲ್’, ಎರಡು ರಿಯಾಕ್ಟರ್‌ಗಳದ್ದು. 2025ರ ಜನವರಿಯಲ್ಲಿ ಅದರ ಪಡೆ ಗೋವಾ, ಕೊಚ್ಚಿಗೆ ಬಂದಿತ್ತು. ಮಾರ್ಚ್ 19ರಿಂದ 22ರವರೆಗೆ ನಡೆದ 23ನೇ ‘ವರುಣ’ದಲ್ಲಿ ಐಎನ್‌ಎಸ್ ವಿಕ್ರಾಂತ್ ಜೊತೆ ಪಾಲ್ಗೊಂಡಿತು. ಅದರ ರಿಯಾಕ್ಟರ್ ಮುಚ್ಚಿದ ಸುತ್ತಿನಲ್ಲಿ ಓಡುತ್ತದೆ. ಇಂಧನವನ್ನು ಮುಟ್ಟಿದ ನೀರು ಕಡಲಿಗೆ ಬರುವುದಿಲ್ಲ, ಇಂಧನ ಬದಲಾವಣೆ ಫ್ರಾನ್ಸ್‌ನಲ್ಲೇ ನಡೆಯುತ್ತದೆ. ಅಪಘಾತವಾದರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ತಾಲೂಕಿನಲ್ಲೇ ಕೈಗಾದ ನಾಲ್ಕು ಘಟಕಗಳನ್ನು ಇಟ್ಟುಕೊಂಡಿರುವ ನಮಗೆ, ದೂರ ಸಮುದ್ರದಲ್ಲಿ ಸಾಗಿಹೋಗುವ ಹಡಗು ಮೊದಲ ಚಿಂತೆಯಾಗಬೇಕಿಲ್ಲ.

ಈಗ ನಿಮ್ಮ ಬಲೆಯ ವಿಷಯ. ಆ ಹಡಗು ಏಕೆ ಇದ್ದಕ್ಕಿದ್ದಂತೆ ತಿರುಗಿತು? ಅದು ವಿಮಾನವಾಹಕವೋ ಅದರ ಕಾವಲು ಹಡಗೋ ಆಗಿದ್ದರೆ ಕಾರಣ ಸರಳ. ವಿಮಾನ ಏರಲು, ಇಳಿಯಲು ಹಡಗು ಗಾಳಿಗೆ ಎದುರಾಗಿ ವೇಗವಾಗಿ ಓಡಬೇಕು. ಹೋಗುತ್ತಿದ್ದ ದಿಕ್ಕು ಯಾವುದೇ ಇರಲಿ, ಹಾರಾಟದ ಹೊತ್ತು ಬಂದಾಗ ಗಾಳಿಯತ್ತ ಮುಖ ಮಾಡುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯುವ್ಯದ್ದು, ಹಾಗಾಗಿ ಆ ಹೊತ್ತಿನಲ್ಲಿ ಅದು ವಾಯುವ್ಯಕ್ಕೆ ತಿರುಗುವ ಸಂಭವ ಹೆಚ್ಚು. ಸುತ್ತಲಿನ ಕಾವಲು ಹಡಗುಗಳೂ ಜೊತೆಗೇ ಜಾಗ ಬದಲಿಸುತ್ತವೆ. 25 ನಾಟ್ (ಗಂಟೆಗೆ 25 ನಾಟಿಕಲ್ ಮೈಲಿ) ವೇಗದ ಹಡಗು ಒಂದು ಕಿಲೋಮೀಟರನ್ನು 78 ಸೆಕೆಂಡಿನಲ್ಲಿ ದಾಟುತ್ತದೆ, 5 ನಾಟಿಕಲ್ ಮೈಲಿ ದೂರದಲ್ಲಿ ಕಂಡದ್ದು 12 ನಿಮಿಷಕ್ಕೆ ಪಕ್ಕದಲ್ಲಿರುತ್ತದೆ. ಬಲೆ ಸುತ್ತು ಹಾಕಿ ಅಡಿಹಗ್ಗ ಎಳೆಯುತ್ತಿರುವ ಬೋಟಿಗೆ ಆ ಹನ್ನೆರಡು ನಿಮಿಷ ಸಾಲದು.

ಇನ್ನೊಂದು ಸಂದರ್ಭ, ನಡುಸಮುದ್ರದಲ್ಲಿ ಎಣ್ಣೆ ತುಂಬುವುದು. ಎರಡು ಹಡಗು 30ರಿಂದ 50 ಮೀಟರ್ ಅಂತರದಲ್ಲಿ ಪಕ್ಕಪಕ್ಕ, 12–15 ನಾಟ್ ವೇಗದಲ್ಲಿ, ನಡುವೆ ಪೈಪು ಕಟ್ಟಿಕೊಂಡು ಓಡುತ್ತವೆ. ಆಗ ಅವು ತಿರುಗಲಾರವು. ಅವುಗಳ ನಡುವೆ ಅಥವಾ ಮುಂದೆ ನುಗ್ಗುವುದು ಜೀವಕ್ಕೇ ಸಂಚಕಾರ.

ಇಂಥ ಹಡಗನ್ನು ಗುರುತಿಸುವುದು ಹೇಗೆಂದು ಪ್ರತಿ ತಾಂಡೇಲನಿಗೂ ಗೊತ್ತಿರಬೇಕು. ಹಗಲಿನಲ್ಲಿ ಕಂಬದ ಮೇಲೆ ಒಂದರ ಕೆಳಗೊಂದು ಮೂರು ಕಪ್ಪು ಆಕೃತಿ ಇರುತ್ತವೆ: ಗುಂಡು, ವಜ್ರಾಕಾರ, ಗುಂಡು. ರಾತ್ರಿ ಮೂರು ದೀಪ: ಕೆಂಪು, ಬಿಳಿ, ಕೆಂಪು. ಅರ್ಥ, ‘ನಾನು ದಾರಿ ಬಿಡಲಾರೆ.’ ಸಾಮಾನ್ಯವಾಗಿ ಎಂಜಿನ್ ಹಡಗು ಮೀನು ಹಿಡಿಯುತ್ತಿರುವ ಬೋಟಿಗೆ ದಾರಿ ಬಿಡಬೇಕು ಎನ್ನುವುದು ಅಂತರರಾಷ್ಟ್ರೀಯ ನಿಯಮ, ನಮ್ಮವರು ನಂಬಿಕೊಂಡಿರುವುದೂ ಅದನ್ನೇ. ಆದರೆ ಅದೇ ನಿಯಮ, ಈ ಮೂರು ದೀಪದ ಹಡಗಿಗೆ ಮೀನಿನ ಬೋಟೇ ಸಾಧ್ಯವಾದಷ್ಟು ದಾರಿ ಬಿಡಬೇಕು ಎನ್ನುತ್ತದೆ. ಈ ಒಂದು ಸಾಲು ಗೊತ್ತಿಲ್ಲದೆ ಆಗುವ ಅನಾಹುತ ಸಣ್ಣದಲ್ಲ.

ನಿಮ್ಮ ಬೋಟಿನ ದೀಪಗಳೂ ಅಷ್ಟೇ ಮುಖ್ಯ. ಟ್ರಾಲ್ ಎಳೆಯುವ ಬೋಟಿಗೆ ಹಸಿರಿನ ಕೆಳಗೆ ಬಿಳಿ, ಬೇರೆ ಬಲೆಗೆ ಕೆಂಪಿನ ಕೆಳಗೆ ಬಿಳಿ. ಬಲೆ 150 ಮೀಟರಿಗಿಂತ ಹೆಚ್ಚು ಚಾಚಿದ್ದರೆ ಬಲೆಯ ದಿಕ್ಕಿಗೆ ಇನ್ನೊಂದು ಬಿಳಿ. ಪರ್ಸಿನ್‌ಗೆ ವಿಶೇಷ ಗುರುತೇ ಇದೆ: ಬಲೆಯಿಂದಾಗಿ ಅಲುಗಾಡಲಾಗದ ಹೊತ್ತಿನಲ್ಲಿ ಮಾತ್ರ, ಒಂದರ ಮೇಲೊಂದು ಎರಡು ಹಳದಿ ದೀಪ, ಸೆಕೆಂಡಿಗೊಮ್ಮೆ ಸರದಿಯಂತೆ ಮಿನುಗಬೇಕು. ಇದನ್ನು ಹಾಕಿದ ಬೋಟುಗಳು ನಮ್ಮಲ್ಲಿ ಅಪರೂಪ. ಅದರ ಬದಲು ಡೆಕ್ ತುಂಬ ಎಲ್‌ಇಡಿ ಉರಿಸುತ್ತೇವೆ. ಆ ಬೆಳಕಿನಲ್ಲಿ ಗುರುತಿನ ದೀಪ ಮುಚ್ಚಿಹೋಗುತ್ತದೆ. ಮರದ, ಫೈಬರ್‌ನ ಬೋಟು ರಾಡಾರಿನಲ್ಲೂ ಮಸುಕು. ಕಂಬದ ತುದಿಗೆ ಮೂಲೆಮೂಲೆಯ ಲೋಹದ ರಾಡಾರ್ ಪ್ರತಿಫಲಕ ಕಟ್ಟುವುದು ಕಡಿಮೆ ಖರ್ಚಿನ ಕೆಲಸ. ಮೊಬೈಲ್ ಆ್ಯಪ್‌ನಲ್ಲಿ ಹಡಗು ಕಾಣುತ್ತಿಲ್ಲವೆಂದು ನಿಶ್ಚಿಂತರಾಗಬೇಡಿ, ಯುದ್ಧನೌಕೆ ತನ್ನ ಜಾಗ ತಿಳಿಸುವ ಎಐಎಸ್ ಯಂತ್ರ ಆರಿಸಿಕೊಂಡು ಓಡಬಹುದು. ಜಲಾಂತರ್ಗಾಮಿ ಅದರಲ್ಲಿ ಕಾಣುವುದೇ ಇಲ್ಲ. 2024ರ ನವೆಂಬರ್ 21ರಂದು ಗೋವಾದಿಂದ ಸುಮಾರು 70 ಮೈಲಿ ವಾಯುವ್ಯಕ್ಕೆ ‘ಮಾರ್ಥೋಮಾ’ ಎಂಬ ಮೀನುಗಾರಿಕಾ ಬೋಟಿಗೂ ನಮ್ಮದೇ ನೌಕಾಪಡೆಯ ಜಲಾಂತರ್ಗಾಮಿಗೂ ಡಿಕ್ಕಿಯಾಗಿ, 13 ಮಂದಿಯಲ್ಲಿ 11 ಜನ ಮಾತ್ರ ಬದುಕಿದರು. ಅದು ಜಂಟಿ ಅಭ್ಯಾಸವೇನಲ್ಲ. ವಿದೇಶಿ ಹಡಗು ಬರದಿದ್ದರೂ ಈ ಅಪಾಯ ಇದ್ದೇ ಇದೆ ಎನ್ನುವುದಕ್ಕೆ ಹೇಳಿದೆ.

ಎಚ್ಚರಿಕೆ ಕೊಡುವುದಿಲ್ಲವೇ ಎಂದರೆ, ಕೊಡುತ್ತಾರೆ. ಬೈತಖೋಲಕ್ಕೆ ತಲುಪುವಂತೆ ಕೊಡುವುದಿಲ್ಲ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಬೇಸರದ ಸಂಗತಿ ಇದೇ. ಗುಂಡು ಹಾರಿಸುವ, ಕ್ಷಿಪಣಿ ಬಿಡುವ ಅಭ್ಯಾಸಕ್ಕೆ ಮೊದಲು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ‘ನ್ಯಾವ್‌ಏರಿಯಾ 8’ ಎಂಬ ಎಚ್ಚರಿಕೆ ಹೊರಡಿಸುತ್ತದೆ. ಅದು ಉಪಗ್ರಹದಿಂದ, ಕರಾವಳಿಯ ನ್ಯಾವ್‌ಟೆಕ್ಸ್ ಎಂಬ ರೇಡಿಯೊ ಸಂದೇಶ ಕೇಂದ್ರಗಳಿಂದ ಇಂಗ್ಲಿಷಿನಲ್ಲಿ ದೊಡ್ಡ ಹಡಗುಗಳಿಗೆ ಹೋಗುತ್ತದೆ, ಜಾಲತಾಣದಲ್ಲೂ ಇರುತ್ತದೆ. ಪರ್ಸಿನ್ ಬೋಟಿನಲ್ಲಿ ನ್ಯಾವ್‌ಟೆಕ್ಸ್ ಎಲ್ಲಿದೆ? ಸುದ್ದಿ ಮೀನುಗಾರಿಕೆ ಇಲಾಖೆ, ಕರಾವಳಿ ಕಾವಲು ಪೊಲೀಸ್ ದಾರಿಯಾಗಿ ವಾಟ್ಸ್‌ಆ್ಯಪ್‌ಗೆ ಬರುವ ಹೊತ್ತಿಗೆ ಎಷ್ಟೋ ಬೋಟು ಹೊರಟಾಗಿರುತ್ತದೆ.

ಬಂದ ಮೇಲೂ ಓದುವಲ್ಲಿ ಎರಡು ತಪ್ಪು ಆಗುತ್ತವೆ. ಒಂದು ಸಮಯ. ಎಚ್ಚರಿಕೆಯಲ್ಲಿರುವುದು ಯುಟಿಸಿ ಎಂಬ ಜಾಗತಿಕ ಸಮಯ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ‘190030ರಿಂದ 191230’ ಎಂದಿದ್ದರೆ ಮೊದಲ ಎರಡಂಕಿ ತಾರೀಕು, ಉಳಿದದ್ದು ಗಂಟೆ-ನಿಮಿಷ. ಅಂದರೆ 19ರ ಬೆಳಿಗ್ಗೆ 6ರಿಂದ ಸಂಜೆ 6. ಹಾಗೇ ಓದಿಕೊಂಡವರು ಮಧ್ಯಾಹ್ನ ಒಂದಕ್ಕೆ ಮುಗಿಯಿತೆಂದು ಆ ಜಾಗಕ್ಕೆ ಹೋಗುತ್ತಾರೆ. ಎರಡನೆಯದು ಜಾಗ. ‘14-48.5’ ಎಂದರೆ 14 ಡಿಗ್ರಿ 48.5 ಮಿನಿಟು. ಡಿಗ್ರಿ ದಶಮಾಂಶ ಕೇಳುವ ಆ್ಯಪ್‌ನಲ್ಲಿ ಇದನ್ನು 14.808 ಎಂದು ಹಾಕಬೇಕು, ಮಿನಿಟನ್ನು 60ರಿಂದ ಭಾಗಿಸಿ. 14.485 ಎಂದು ಹಾಕಿದರೆ ಗುರುತು 19 ಮೈಲಿ ತೆಂಕಣಕ್ಕೆ ಜಾರಿ, ಕಾರವಾರದ ಎದುರು ಇರಬೇಕಾದದ್ದು ತದಡಿ-ಕುಮಟಾ ನಡುವಿನ ನೇರಕ್ಕೆ ಬೀಳುತ್ತದೆ. ಬೋಟು ಅಪಾಯದ ನಡುಮಧ್ಯದಲ್ಲಿದ್ದರೂ ಪರದೆಯಲ್ಲಿ ಸುರಕ್ಷಿತವಾಗಿ ಕಾಣುತ್ತದೆ.

ಅಭ್ಯಾಸದ ಮರುದಿನ ಬಲೆಗೆ ಸಿಕ್ಕುವ ವಸ್ತುಗಳ ಬಗ್ಗೆಯೂ ಒಂದು ಮಾತು. ಜಲಾಂತರ್ಗಾಮಿಯ ಸದ್ದು ಹಿಡಿಯಲು ವಿಮಾನದಿಂದ ಬೀಳಿಸುವ ಸೋನೋಬಾಯ್ ಸುಮಾರು 90 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ದಪ್ಪದ ಕೊಳವೆ. ಹೊಗೆ ಬಿಡುವ ಗುರುತಿನ ಡಬ್ಬಿಗಳಲ್ಲಿ ರಂಜಕ ಇರುತ್ತದೆ, ಪೂರ್ತಿ ಉರಿಯದೆ ಉಳಿದದ್ದು ಡೆಕ್ ಮೇಲೆ ಒಣಗಿದಾಗ ಹೊತ್ತಿಕೊಳ್ಳಬಹುದು. ಗುಜರಿಗೆ ಬೆಲೆ ಬರುತ್ತದೆಂದು ಮೇಲೆತ್ತಬೇಡಿ. ಜಾಗ, ಹೊತ್ತು ಬರೆದುಕೊಂಡು ಕರಾವಳಿ ಕಾವಲು ಪೊಲೀಸರ 1093ಕ್ಕೆ ಅಥವಾ ಕೋಸ್ಟ್ ಗಾರ್ಡ್‌ನ 1554ಕ್ಕೆ ತಿಳಿಸಿ.

ಪರಿಹಾರ ಯಾರನ್ನು ಕೇಳಬೇಕು? ಹಡಗು ನಮ್ಮ ನೌಕಾಪಡೆಯದ್ದಾದರೆ ಹೊಣೆ ಭಾರತ ಸರ್ಕಾರದ್ದು. ಮೊದಲು ಅರ್ಜಿ, ಅದಾಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು, ಆಮೇಲೆ ದಾವೆ. ಸರಕು ಹಡಗಿನಂತೆ ಹಡಗನ್ನೇ ಜಪ್ತಿ ಮಾಡಿಸಲು ಬರುವುದಿಲ್ಲ, 2017ರ ಅಡ್ಮಿರಾಲ್ಟಿ ಕಾಯ್ದೆ ಯುದ್ಧನೌಕೆಗೆ ಅನ್ವಯಿಸದು. ವಿದೇಶಿ ಯುದ್ಧನೌಕೆಯಾದರೆ ಅದಕ್ಕೆ ನಮ್ಮ ಕೋರ್ಟಿನಿಂದ ರಕ್ಷಣೆ ಇದೆ, ನೇರ ದಾವೆ ನಿಲ್ಲುವುದಿಲ್ಲ. ಹಾಗೆಂದು ಹಣ ಸಿಗುವುದೇ ಇಲ್ಲವೆಂದಲ್ಲ. ನಿಮ್ಮ ಪರವಾಗಿ ಕೇಂದ್ರ ಸರ್ಕಾರ ಆ ದೇಶವನ್ನು ಕೇಳಬೇಕು. 2012ರ ಫೆಬ್ರವರಿಯಲ್ಲಿ ಕೇರಳದ ಎದುರು ‘ಎನ್ರಿಕಾ ಲೆಕ್ಸಿ’ ಟ್ಯಾಂಕರಿನಿಂದ ಇಟಲಿಯ ನೌಕಾಯೋಧರು ಗುಂಡು ಹಾರಿಸಿ ಇಬ್ಬರು ಮೀನುಗಾರರು ಸತ್ತರು. ಯೋಧರಿಗೆ ರಕ್ಷಣೆ ಇದೆ, ಆದರೆ ಇಟಲಿ ಪರಿಹಾರ ಕೊಡಬೇಕು ಎಂದು 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಹೇಳಿತು. ಬಂದ 10 ಕೋಟಿ ರೂಪಾಯಿಯಲ್ಲಿ ಎರಡೂ ಕುಟುಂಬಗಳಿಗೆ 4 ಕೋಟಿಯಂತೆ, ಬೋಟಿನ ಮಾಲೀಕರಿಗೆ 2 ಕೋಟಿ. ಒಂಬತ್ತು ವರ್ಷ ಹಿಡಿಯಿತು, ಎರಡು ಜೀವ ಹೋಗಿದ್ದರಿಂದ ದೇಶವೇ ಬೆನ್ನಿಗೆ ನಿಂತಿತ್ತು. ಒಂದು ಬಲೆಗಾಗಿ ಅಷ್ಟು ಎಳೆಯುವುದು ಕಷ್ಟವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿಮೆಯ ಪಾಲಿಸಿಯಲ್ಲಿ ಬೋಟಿನ ಜೊತೆ ಬಲೆಯೂ ಪ್ರತ್ಯೇಕವಾಗಿ ಸೇರಿದೆಯೇ ಎಂದು ಇವತ್ತೇ ತೆಗೆದು ನೋಡಿ.

ಯಾವ ದಾರಿಗೂ ಸಾಕ್ಷ್ಯ ಬೇಕು, ನಿಮ್ಮ ಪ್ರಕರಣ ಬಿದ್ದುಹೋದದ್ದು ಅಲ್ಲೇ ಇರಬಹುದು. ಹಡಗಿನ ಬದಿಯ ಸಂಖ್ಯೆ ಕಂಡರೆ ಅದರಿಂದಲೇ ದೇಶ, ಹೆಸರು ಎರಡೂ ಗೊತ್ತಾಗುತ್ತದೆ. ಕತ್ತಲಾಗಿದ್ದರೆ ಜಿಪಿಎಸ್ ಪರದೆಯ ಫೋಟೋ, ನಿಖರ ಸಮಯ, ಹಡಗು ಬಂದ ಮತ್ತು ಹೋದ ದಿಕ್ಕು ಸಾಕು. ಆ ಹೊತ್ತಿನಲ್ಲಿ ಅಲ್ಲಿ ಯಾರಿದ್ದರೆಂದು ನೌಕಾಪಡೆಯ ದಾಖಲೆಯಲ್ಲಿ ಇರುತ್ತದೆ. ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಕರೆದು ಜಾಗ ಹೇಳಿ, ಉತ್ತರ ಬರಲಿ ಬಿಡಲಿ. ಕರೆದ ಸಮಯವೂ ದಾಖಲೆಯೇ. ದಡ ಮುಟ್ಟಿದ ದಿನವೇ ಕರಾವಳಿ ಕಾವಲು ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿ, ಬಲೆ ಕೊಂಡ ಬಿಲ್ಲು, ಬೋಟಿನ ನೋಂದಣಿ ಮತ್ತು ಲೈಸೆನ್ಸ್ ಸೇರಿಸಿ ಮೀನುಗಾರಿಕೆ ಇಲಾಖೆಗೆ, ಕರ್ನಾಟಕ ನೌಕಾವಲಯದ ಮುಖ್ಯ ಕಚೇರಿಗೆ ಅರ್ಜಿ ಹಾಕಿ. ವಾರ ಕಳೆದು ಬಾಯಿಮಾತಿನಲ್ಲಿ ಹೇಳಿದರೆ ಯಾವ ಕಚೇರಿಯೂ ಕದಲುವುದಿಲ್ಲ.

ಠರಾವಿನ ವಿಷಯಕ್ಕೆ ಬರೋಣ. ಅಭ್ಯಾಸವೇ ಬೇಡವೆಂದರೆ ಅದು ದೆಹಲಿಗೆ ಹೋಗಿ ಕಡತ ಸೇರುತ್ತದೆ. ಏಕೆಂದರೆ ಇದರ ಹಿಂದೆ ದೊಡ್ಡ ಲೆಕ್ಕವಿದೆ. 2025ರ ಏಪ್ರಿಲ್ 28ರಂದು ಸಹಿಯಾದ ಒಪ್ಪಂದದಂತೆ 26 ರಫೇಲ್ ಮರೀನ್ ವಿಮಾನ ಫ್ರಾನ್ಸ್‌ನಿಂದ ಬರಬೇಕಿದೆ, ಅವನ್ನು ಸಮುದ್ರದಲ್ಲಿ ಓಡಿಸಿ ಪಳಗಿದವರ ಜೊತೆ ಕಲಿಯಲೇಬೇಕು. ಸ್ಕಾರ್ಪೀನ್ ಮಾದರಿಯ ಆರು ಜಲಾಂತರ್ಗಾಮಿಗಳು ಅವರ ವಿನ್ಯಾಸದಲ್ಲೇ ಮುಂಬೈಯಲ್ಲಿ ಕಟ್ಟಿದವು. ಇದಕ್ಕೆ ಬೆಲೆಯೂ ಇದೆ. ಬಿಡಿಭಾಗಕ್ಕೆ ಮೂವತ್ತು-ನಲವತ್ತು ವರ್ಷ ಒಂದೇ ದೇಶದ ಕಡೆ ನೋಡಬೇಕು, ಜೊತೆಗೆ ಅಭ್ಯಾಸ ಮಾಡುವಾಗ ನಮ್ಮ ಜಲಾಂತರ್ಗಾಮಿಯ ಸದ್ದನ್ನು ಗೆಳೆಯನೂ ಕೇಳಿಸಿಕೊಳ್ಳುತ್ತಾನೆ. ಇದನ್ನು ತೂಗಿನೋಡುವ ಕೆಲಸ ಸಂಸತ್ತಿನದ್ದು, ಅಲ್ಲಿ ಇನ್ನಷ್ಟು ಚರ್ಚೆ ಆಗಬೇಕೆಂದು ನನ್ನ ಅಭಿಪ್ರಾಯ.

ಅಭ್ಯಾಸದ ದಿನಗಳಲ್ಲಿ ದಡದ ಹತ್ತಿರವೇ ಮೀನು ಹಿಡಿಯೋಣ ಎನ್ನುವುದು ಇನ್ನೊಂದು ಸಲಹೆ. ಹಾಗೆ ಮಾಡಿದರೆ ಪರ್ಸಿನ್ ಬೋಟೆಲ್ಲ ಸಣ್ಣ ಪಾತಿ ದೋಣಿ, ದಡದಿಂದ ಎಳೆಯುವ ಏಂಡಿ ಬಲೆಯವರ ನೀರಿಗೆ ಒತ್ತಿ, ನಮ್ಮನಮ್ಮಲ್ಲೇ ಜಗಳ. ಅದು ಬೇಡ.

ಸೊಸೈಟಿ ಕೇಳಬೇಕಾದದ್ದು ಸಣ್ಣದು, ಸಿಗುವಂಥದ್ದು. ಗುಂಡು ಹಾರಿಸುವ ಪ್ರದೇಶದ ಎಚ್ಚರಿಕೆ ಕನಿಷ್ಠ 72 ಗಂಟೆ ಮೊದಲು ಕನ್ನಡದಲ್ಲಿ, ಭಾರತೀಯ ಸಮಯದಲ್ಲಿ, ನಾಲ್ಕು ಮೂಲೆಯ ಗುರುತನ್ನು ಎರಡೂ ಬಗೆಯಲ್ಲಿ ಬರೆದು ಬೈತಖೋಲ, ಮಾಜಾಳಿ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳದ ಬಂದರು ಫಲಕಕ್ಕೆ ಬರಬೇಕು. ನೌಕಾನೆಲೆಯಲ್ಲಿ ಹಗಲು-ರಾತ್ರಿ ಕರೆ ಎತ್ತುವ ಒಂದು ನಂಬರು, ಕನ್ನಡ ಅಥವಾ ಕೊಂಕಣಿ ಬಲ್ಲ ಒಬ್ಬರು ಇರಬೇಕು. ಭದ್ರತೆಯ ಕಾರಣಕ್ಕೆ ಹಡಗುಗಳ ಓಡಾಟ ಅವರು ಹೇಳಲಾರರು, ಕೇಳಲೂ ಬೇಡಿ. ಎಚ್ಚರಿಕೆಯಂತೂ ಆಗಲೇ ಜಗತ್ತಿಗೆಲ್ಲ ಪ್ರಕಟವಾಗಿರುವುದು, ಅದನ್ನು ಅನುವಾದಿಸಿ ಕೊಡಲು ಗುಟ್ಟಿನ ನೆಪ ಹೇಳುವಂತಿಲ್ಲ.

ಅದು ಆಗುವವರೆಗೆ ಸೊಸೈಟಿಯಲ್ಲಿ ಇಬ್ಬರನ್ನು ಗೊತ್ತು ಮಾಡಿ. ಒಬ್ಬರ ಮೇಲೇ ಬಿಟ್ಟರೆ ಅವರು ಊರಿಗೆ ಹೋದ ದಿನವೇ ಎಚ್ಚರಿಕೆ ತಪ್ಪುತ್ತದೆ. ದಿನಾ ಸಂಜೆ ಜಲಮಾಪನ ಕಚೇರಿಯ ಜಾಲತಾಣ ತೆರೆದು, ಅಕ್ಷಾಂಶ 14ರಿಂದ 15 ಡಿಗ್ರಿ, ರೇಖಾಂಶ 73ರಿಂದ 74 ಡಿಗ್ರಿ 30 ಮಿನಿಟಿನೊಳಗೆ ಬೀಳುವ ಎಚ್ಚರಿಕೆ ಮಾತ್ರ ಆರಿಸಿ, ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ, ಧ್ವನಿಸಂದೇಶವಾಗಿ ತಾಂಡೇಲರಿಗೆ ಕಳಿಸಲಿ. ನೀವೇ ಲೆಕ್ಕಪತ್ರ ನೋಡುವವರಾದ್ದರಿಂದ ಆ ಇಬ್ಬರಲ್ಲಿ ಒಬ್ಬರು ನೀವಾಗಬಹುದು. ಅಣ್ಣನಿಗೆ ಹೇಳಿ ಮುಂದಿನ ಸಲ ಬೋಟು ಹೊರಡುವ ಮೊದಲೇ ಆ ಎರಡು ಹಳದಿ ದೀಪ ಹಾಕಿಸಿ, ಬಲೆ ಎಳೆಯುವಾಗ ಎಲ್‌ಇಡಿಯನ್ನು ಡೆಕ್ ಕಡೆಗೆ ಮಾತ್ರ ಬಗ್ಗಿಸಿ ಕಟ್ಟಿಸಿ.